ಫಾಸ್ಫೇಟ್ ಕಡಿಮಿ ಐತಿ ಅಂತೀರಿ, ಮತ್ತ ಊಟಾ ಯಾಕ ಕಡಿಮಿ ಮಾಡ್ತೀರಿ?

ಐಸಿಯು ಹೊರಗ ಕುಂತ ಮಂದಿ ನನಗ ಹೆಚ್ಚಾಗಿ ಕೇಳೂ ಪ್ರಶ್ನೆ ಇದ. ಮುಧೋಳ, ಬೀಳಗಿ, ಹುನಗುಂದ ಕಡೆಯಿಂದ ಪೇಷಂಟ್ ಕರ್ಕೊಂಡ ಬಾಗಲಕೋಟಿಗೆ ಬಂದಿರ್ತಾರ, ಎಂಟ್ ಹತ್ತ ದಿನದಿಂದ ಪೇಷಂಟಿನ ಹೊಟ್ಟಿಗೆ ಸರಿಯಾಗಿ ಏನೂ ಹೋಗಿರಂಗಿಲ್ಲ, ಮೂಗಿನ ನಳಿಗಿಯಿಂದ ಫೀಡ್ (ತೆಳ್ಳನ ಊಟಾ) ಶುರು ಮಾಡಿ ಎರಡ ದಿನಕ್ಕ ಫಾಸ್ಫೇಟ್ ಬಿದ್ದೈತಿ ಅಂತ ನಾವ ಅದನ್ನ ಇಳಿಸಿದ್ರ "ಸಾಹೇಬ್ರ, ಮೊದಲ ಸೊರಗ್ಯಾನ, ಇನ್ನೂ ಉಪವಾಸ ಕೆಡವತೀರೇನ್ರಿ" ಅಂತ ಕೇಳ್ತಾರ. ಕೇಳೂದು ನ್ಯಾಯನ ಐತಿ.

ಉಪವಾಸ ಬಿದ್ದ ಮೈ ಕೊಬ್ಬ ಸುಟ್ಕೊಂಡ ದಿನಾ ದೂಡತಿರತೈತಿ. ಒಳಗಿನ ಫಾಸ್ಫೇಟ್ ಅನ್ನೂ ಲವಣ ಕರಗಿ ಹೋಗಿದ್ರೂ ರಕ್ತದ ರಿಪೋರ್ಟಿನ್ಯಾಗ ನಾರ್ಮಲ್ ಅಂತ ಬರಬಹುದು. ಅಂಥಾದ್ರಾಗ ಒಮ್ಮೆಲೇ ಪೂರಾ ಫೀಡ್ ಇಲ್ಲಾ ಗ್ಲೂಕೋಸ್ ಸಲಾಯಿನ್ ಹೋತಂದ್ರ ಇನ್ಸುಲಿನ್ ಏರತೈತಿ, ಅದು ಗ್ಲೂಕೋಸ್ ಜೋಡಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲಾನೂ ಜೀವಕೋಶದೊಳಗ ಎಳ್ಕೋತೈತಿ, ರಕ್ತದಾಗ ಸರ್ರ ಅಂತ ಇಳೀತೈತಿ. ರೀಫೀಡಿಂಗ್ ಸಿಂಡ್ರೋಮ್ ಅಂತೀವಿ, ಹೆಚ್ಚಾಗಿ ಫೀಡ್ ಶುರುವಾದ ಮೊದಲ ಮೂರ ದಿನದಾಗ ಕಾಣ್ತೈತಿ.

ರಕ್ತದಾಗ ಫಾಸ್ಫೇಟ್ ನಾರ್ಮಲ್ ಅಂದ್ರ 100 ಎಂಎಲ್‌ಗೆ ಸುಮಾರು 2.5 ರಿಂದ 4.5 ಮಿಲಿಗ್ರಾಂ, 1 ರ ಕೆಳಗ ಹೋದ್ರ ತೀವ್ರ. ಮೈಯಾಗಿನ ಶಕ್ತಿ ಎಲ್ಲಾ ಎಟಿಪಿ ಅನ್ನೂದರ ಮ್ಯಾಲ ನಡೀತೈತಿ, ಅದನ್ನ ಕಟ್ಟಾಕ ಫಾಸ್ಫೇಟ್ ಬೇಕ. ಕಡಿಮಿ ಆದ್ರ ಉಸಿರಾಡೂ ವಪಿ (ಎದಿ, ಹೊಟ್ಟಿ ನಡುವಿನ ಸ್ನಾಯು) ಸೋಲತೈತಿ, ವೆಂಟಿಲೇಟರ್ ಬಿಡಿಸಾಕ ಆಗಂಗಿಲ್ಲ, ಹೃದಯದ ಬಡಿತ ತಪ್ಪಬಹುದು, ಬಹಳ ಬಿದ್ರ ಸ್ನಾಯು, ರಕ್ತಕಣ ಒಡೀತಾವ.

ಫೀಡ್ ಇಳಸೂದಕ್ಕ ಆಧಾರ ಐತಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಐಸಿಯುಗಳಾಗ 339 ಪೇಷಂಟ್ಸ್ ಮ್ಯಾಲ ಮಾಡಿ 2015 ರಾಗ ಪ್ರಕಟ ಆದ ಸ್ಟಡಿಯೊಳಗ ಫಾಸ್ಫೇಟ್ ಬಿದ್ದ ಕೂಡಲೇ ಅರ್ಧ ಮಂದಿಗೆ ಫೀಡ್ ತಾಸಿಗೆ 20 ಕಿಲೋಕ್ಯಾಲರಿಗೆ ಇಳಿಸಿ ಆಮ್ಯಾಲ ಮೆಲ್ಲಕ ಏರಿಸಿದ್ರು. ಅವರು ಮುಖ್ಯ ಅಂತ ಇಟ್ಕೊಂಡಿದ್ದ ಲೆಕ್ಕದಾಗ ದೊಡ್ಡ ಫರಕ ಬರಲಿಲ್ಲ ಖರೆ, ಆದ್ರ 60 ದಿನದ ಹೊತ್ತಿಗೆ ಬದುಕಿದ್ದವ್ರು ಫೀಡ್ ಇಳಿಸಿದ ಗುಂಪಿನ್ಯಾಗನ ಹೆಚ್ಚ. ನನಗ ಇಷ್ಟ ಸಾಕ, ಎರಡ ದಿನ ಕಡಿಮಿ ಕ್ಯಾಲರಿಯಿಂದ ಯಾರೂ ಸಾಯಂಗಿಲ್ಲ.

"ಹಂಗಾದ್ರ ಸೀದಾ ಫಾಸ್ಫೇಟ್ ಇಂಜೆಕ್ಷನ್ ಹಾಕಿಬಿಡ್ರಿ" ಅಂತ ಜೂನಿಯರ್ಸ್ ಕೇಳ್ತಾರ. ಸ್ವಲ್ಪ ಬಿದ್ದೈತಿ, ಕರಳು ಕೆಲಸ ಮಾಡ್ತೈತಿ ಅಂದ್ರ ನಳಿಗಿಯಿಂದ ಕೊಡೂದ ಚೊಲೊ, ಹೆಚ್ಚಾದ್ರ ಭೇದಿ ಆಗ್ತೈತಿ ಅಷ್ಟ. 1 ರ ಕೆಳಗಿದ್ರ ಇಲ್ಲಾ ಉಸಿರಿನ ತ್ರಾಸ ಇದ್ರ ರಕ್ತನಾಳದಾಗ ಕೊಡಬೇಕ, ಆದ್ರ ನಮ್ಮಲ್ಲಿ ಹೆಚ್ಚಾಗಿ ಸಿಗೂದು ಪೊಟ್ಯಾಸಿಯಂ ಫಾಸ್ಫೇಟ್, ಅದರಾಗ 1 ಎಂಎಲ್‌ಗೆ ಸಾಮಾನ್ಯವಾಗಿ 3 ಮಿಲಿಮೋಲ್ ಫಾಸ್ಫೇಟ್ ಜೋಡಿ 4.4 ಮಿಲಿಇಕ್ವಿವಲೆಂಟ್ ಪೊಟ್ಯಾಸಿಯಂ ಇರ್ತೈತಿ (ಎರಡೂ ಲವಣ ಅಳಿಯೂ ಮಾಪು). ಅಂದ್ರ 15 ಮಿಲಿಮೋಲ್ ಕೊಡ್ತೀನಿ ಅನ್ನೂ ಹುಡುಗ 22 ಮಿಲಿಇಕ್ವಿವಲೆಂಟ್ ಪೊಟ್ಯಾಸಿಯಂ ಸೈತ ಕೊಡಾಕತ್ತಾನ. ಒಮ್ಮೆಲೇ ತಳ್ಳಿದ್ರ ಹೃದಯ ನಿಂತಹೋದೀತು, ಅದಕ್ಕ ಸಲಾಯಿನ್‌ನ್ಯಾಗ ಕಲಿಸಿ ನಾಲ್ಕಾರ ತಾಸ ಬಿಡ್ತೀವಿ. ಕ್ಯಾಲ್ಸಿಯಂ ಹೋಗೂ ಲೈನ್‌ದಾಗ ಬ್ಯಾಡ್ರಿ, ಎರಡೂ ಕೂಡಿ ಗಟ್ಟಿಯಾಗ್ತಾವ, ರಕ್ತದಾಗಿನ ಕ್ಯಾಲ್ಸಿಯಂ ಸೈತ ಬೀಳಬಹುದು. ಕಿಡ್ನಿ ಕೆಟ್ಟಿದ್ರ ಡೋಸ್ ಅರ್ಧಾ ಮಾಡ್ರಿ, ಮುಗಿದ ಮ್ಯಾಲ ಮತ್ತ ಟೆಸ್ಟ್ ಕಳಸ್ರಿ. ಶುಗರ್ ಏರಿ ಕೀಟೋನ್ ಬಂದವ್ರಿಗೆ ಇನ್ಸುಲಿನ್ ಕೊಟ್ಟಾಗ್ಲೂ ಫಾಸ್ಫೇಟ್ ಇಳೀತೈತಿ, ಅಲ್ಲಿ ಎಲ್ಲಾರಿಗೂ ಕೊಡೂ ಜರೂರತ್ತಿಲ್ಲ, ಬಹಳ ಬಿದ್ರ ಇಲ್ಲಾ ನಿಶಕ್ತಿ ಕಂಡ್ರ ಮಾತ್ರ.

ನನಗ ಹೆಚ್ಚ ಸಂಕಟ ಆಗೂದು ಟೆಸ್ಟಿನ ವಿಷಯದಾಗ. ಎಲೆಕ್ಟ್ರೋಲೈಟ್ಸ್ ಅಂತ ಬರೆದ್ರ ಹೆಚ್ಚಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್ ಬರ್ತಾವ, ಫಾಸ್ಫೇಟ್ ಬ್ಯಾರೇನ ಬರೀಬೇಕ. ಬರೀದಿದ್ರ ಸಿಗಂಗಿಲ್ಲ, ಪೇಷಂಟ್ ಮಾತ್ರ ವೆಂಟಿಲೇಟರ್ ಮ್ಯಾಲ ಉಳೀತಾನ. ಫೀಡ್ ಶುರು ಮಾಡಿದ ಮೊದಲ ಮೂರ್ನಾಲ್ಕ ದಿನ, ಇಪ್ಪತ್ನಾಲ್ಕ ತಾಸ ನಡಿಯೂ ಡಯಾಲಿಸಿಸ್ ಇದ್ದಷ್ಟ ದಿನ (ಅದರಾಗ ಫಾಸ್ಫೇಟ್ ಸೈತ ಹೊರಗ ಹೋಗ್ತೈತಿ), ದಿನಾ ಬರೀರಿ ಅಂತ ಎಲ್ಲಾ ಜೂನಿಯರ್ಸಿಗೂ ಹೇಳ್ತೇನಿ.

ಪೇಷಂಟ್ ಕಡೆಯವ್ರಿಗೆ ಒಂದ ಕೇಳ್ಕೋತೀನಿ: ಸರಿಯಾಗಿ ಕಡೀಕ ಉಂಡದ್ದು ಯಾವಾಗ, ತೂಕ ಎಷ್ಟ ಇಳಿದೈತಿ, ಶೆರೆ ಕುಡೀತಾರೋ ಇಲ್ಲೋ, ಇದನ್ನ ನಾಚದ ಮೊದಲ ದಿನಾನ ಹೇಳ್ರಿ. ಕುಡಿಯವ್ರಿಗೆ, ಬಹಳ ದಿನಾ ಉಪವಾಸ ಇದ್ದವ್ರಿಗೆ ಫೀಡಿನ ಮೊದಲ, ಗ್ಲೂಕೋಸಿನ ಮೊದಲ ಥಯಮಿನ್ (ವಿಟಮಿನ್ ಬಿ1) ಇಂಜೆಕ್ಷನ್ ಹೋಗಬೇಕ, ನೀವ ಹೇಳಿದ್ರ ಅದನ್ನ ಅವತ್ತ ಕೊಡ್ತೀವಿ.