ತ್ರೆತ್ಯಾಕ್ ಹಾಳೆಗಳು: ಹದಿನೈದರಲ್ಲಿ ಹನ್ನೊಂದು ಮುಗಿದವು

ಜೂನ್ 1

ಮೊದಲು ಸೋವಿಯತ್ ಐಸ್ ಹಾಕಿ ಆಟಗಾರ ತ್ರೆತ್ಯಾಕ್‌ನ ಪದಕಗಳ ಪಟ್ಟಿ ಮಾಡಿದೆ. ಒಲಿಂಪಿಕ್ಸ್ ಚಿನ್ನ ಮೂರು (1972, 1976, 1984), ಬೆಳ್ಳಿ ಒಂದು (1980), ವಿಶ್ವ ಚಾಂಪಿಯನ್‌ಷಿಪ್ ಚಿನ್ನ ಹತ್ತು, ಸೋವಿಯತ್ ಲೀಗ್ ಪಟ್ಟ ಹದಿಮೂರು. ಅರ್ಧ ಗಂಟೆಯ ಕೆಲಸ. ಬರೆದು ಮುಗಿಸಿ ನೋಡಿದರೆ ವ್ಲಾದಿಸ್ಲಾವ್ ತ್ರೆತ್ಯಾಕ್ ಎಂಬ ಗೋಲ್‌ಕೀಪರ್ ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ. ಹರಿದು ಹಾಕಿದೆ.

ಹೊಸ ಲೆಕ್ಕ ಹೀಗೆ: ಒಂದು ಋತುವಿಗೆ ಒಂದು ಹಾಳೆ. 1969-70ರಿಂದ 1983-84ರವರೆಗೆ ಹದಿನೈದು. ಎಡಗಡೆ ಅವನು ಆಡಿದ್ದು, ಬಲಗಡೆ ಅವನ ಕೈಯಲ್ಲಿ ಇಲ್ಲದೇ ಇದ್ದದ್ದು. ಬಲಗಡೆಯ ಅಂಕಣ ಇಷ್ಟು ತುಂಬುತ್ತದೆ ಎಂದು ಶುರು ಮಾಡುವಾಗ ಅಂದುಕೊಂಡಿರಲಿಲ್ಲ.

ಜೂನ್ 7

ಬಾಲ್ಯಕ್ಕೆ ಪ್ರತ್ಯೇಕ ಹಾಳೆ ಬೇಡ ಅಂದುಕೊಂಡಿದ್ದೆ, ಆದರೂ ಮೊದಲ ಹಾಳೆಯ ಹಿಂಬದಿಯೆಲ್ಲ ಅದೇ ತುಂಬಿತು. ಹುಟ್ಟಿದ್ದು 1952ರ ಏಪ್ರಿಲ್ 25, ಮಾಸ್ಕೊದ ಉತ್ತರಕ್ಕಿರುವ ದ್ಮಿತ್ರೊವ್ ಬಳಿಯ ಒರುದ್ಯೆವೊ ಹಳ್ಳಿಯಲ್ಲಿ. ಅಪ್ಪ ವಾಯುಪಡೆಯ ಪೈಲಟ್. ಅಮ್ಮ ವ್ಯಾಯಾಮ ಶಿಕ್ಷಕಿ. ಮಂಜಿನ ಮೇಲೆ ಚೆಂಡಿನಲ್ಲಿ ಆಡುವ ಹಾಕಿ ಅವರಿಗೆ ಗೊತ್ತಿತ್ತು. ಹುಡುಗ ಸೇನೆಯ ಕ್ಲಬ್ ಸಿಎಸ್‌ಕೆಎಯ ಮಕ್ಕಳ ತಂಡ ಸೇರಿದಾಗ ಗೋಲಿನ ಮುಂದೆ ನಿಲ್ಲಲು ಯಾರಿಗೂ ಇಷ್ಟವಿರಲಿಲ್ಲ. ಇವನು ಒಪ್ಪಿಕೊಂಡ, ನಿಜವಾದ ಸಮವಸ್ತ್ರ ಸಿಗುತ್ತದೆಂದು. ಪಕ್ ಎಂದರೆ ಐಸ್ ಹಾಕಿಯಲ್ಲಿ ಚೆಂಡಿನ ಬದಲು ಹೊಡೆಯುವ, ಸುಮಾರು 170 ಗ್ರಾಂ ತೂಕದ ಗಟ್ಟಿ ರಬ್ಬರ್ ಬಿಲ್ಲೆ. ಅದು ಮೈಗೆ ಬಡಿದಾಗ ಏನಾಗುತ್ತದೆ ಎನ್ನುವುದು ಆಮೇಲೆ ತಿಳಿದಿರಬೇಕು.

ಕೋಚ್ ಅನತೊಲಿ ತರಾಸೊವ್ ಅವನಿಗೆ ಹೋದಲ್ಲೆಲ್ಲ ಟೆನಿಸ್ ಚೆಂಡು ಇಟ್ಟುಕೊಂಡಿರಲು ಹೇಳಿದ್ದ. ನಡೆಯುವಾಗ, ಕೂತಾಗ, ಎಸೆಯುವುದು ಹಿಡಿಯುವುದು.

ಜೂನ್ 9

ತಾರಸಿಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೋಲು ಬರೆದೆ: ಆರಡಿ ಅಗಲ, ನಾಲ್ಕಡಿ ಎತ್ತರ. ಮಗಳು ಟೆನಿಸ್ ಚೆಂಡು ಎಸೆದಳು. ಗೋಡೆಗೆ ಬೆನ್ನು ಹಚ್ಚಿ ನಿಂತಷ್ಟು ಹೊತ್ತೂ ನಾಲ್ಕು ಮೂಲೆಗಳೂ ಬಯಲು. ಅವಳ ಕಡೆಗೆ ಎರಡು ಹೆಜ್ಜೆ ಮುಂದೆ ಬಂದೆ. ಈಗ ಅವಳ ಕಣ್ಣಿಗೆ ಗೋಲು ಕಿರಿದಾಯಿತು, "ಎಲ್ಲಿ ಎಸೀಲಿ ಅಪ್ಪ, ಜಾಗಾನೇ ಇಲ್ಲ" ಅಂದಳು. ಗೋಲ್‌ಕೀಪರ್‌ಗಳು ಕೋನ ಮುಚ್ಚುವುದು ಎನ್ನುವುದು ಇದನ್ನೇ. ಎಷ್ಟು ಓದಿದರೂ ತಲೆಗೆ ಹತ್ತದ್ದು ಹತ್ತು ನಿಮಿಷದಲ್ಲಿ ಹತ್ತಿತು. ಹಳೆಯ ಪಂದ್ಯಗಳ ದೃಶ್ಯ ನೋಡುವಾಗ ಈಗ ಪಕ್ ಬಿಟ್ಟು ಅವನ ಕಾಲುಗಳನ್ನೇ ನೋಡುತ್ತೇನೆ.

ಜೂನ್ 17

ಮೂರು ಹಾಳೆ ಬೇಗ ಮುಗಿದವು. 1970ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಹದಿನೇಳರ ಹುಡುಗ, ಹಿರಿಯ ಗೋಲ್‌ಕೀಪರ್ ವಿಕ್ತರ್ ಕೊನೊವಾಲೆಂಕೊನ ಹಿಂದೆ ಎರಡನೆಯವನು. 1972ರ ಸಪ್ಪೊರೊ ಒಲಿಂಪಿಕ್ಸ್ ಹೊತ್ತಿಗೆ ಹತ್ತೊಂಬತ್ತು, ಅವನೇ ಮೊದಲನೆಯವನು.

ನಾಲ್ಕನೆಯದು, 1972-73, ಒಂದು ವಾರ ಹಿಡಿಯಿತು. ಕೆನಡಾದ ವೃತ್ತಿಪರರ ವಿರುದ್ಧ ಎಂಟು ಪಂದ್ಯಗಳ ಸರಣಿ. ಅದಕ್ಕೂ ಮುಂಚೆ ಕೆನಡಾದಿಂದ ಇವರ ಆಟ ಅಳೆಯಲು ಬಂದವರ ಕಣ್ಣೆದುರು ತ್ರೆತ್ಯಾಕ್ ಎಂಟು ಗೋಲು ಬಿಟ್ಟಿದ್ದ. ಅವನ ಮದುವೆ ಹತ್ತಿರ ಬಂದಿದ್ದ ದಿನಗಳವು. ಗೋಲ್‌ಕೀಪರೇ ಇವರ ಕೊರತೆ ಎಂಬ ಮಾತು ಕೆನಡಾಕ್ಕೆ ಹೋಯಿತು. ಸೆಪ್ಟೆಂಬರ್ 2, ಮಾಂಟ್ರಿಯಲ್. ಪಂದ್ಯಕ್ಕೆ ಮುಂಚೆ ಕೆನಡಾದ ಹೆಸರಾಂತ ಗೋಲ್‌ಕೀಪರ್ ಜಾಕ್ ಪ್ಲಾಂಟ್ ದುಭಾಷಿಯೊಂದಿಗೆ ಸೋವಿಯತ್ ಕೋಣೆಗೆ ಬಂದು, ತಮ್ಮವರಲ್ಲಿ ಯಾರು ಹೇಗೆ ಹೊಡೆಯುತ್ತಾರೆಂದು ಹುಡುಗನಿಗೆ ಬಿಡಿಸಿ ಹೇಳಿದ. ಎದುರಾಳಿಯ ಬಗ್ಗೆ ಕನಿಕರ ಪಟ್ಟು ಬಂದಿದ್ದ ಎಂದೇ ನನ್ನ ಎಣಿಕೆ. ಮೂವತ್ತನೇ ಸೆಕೆಂಡಿಗೆ ಕೆನಡಾದ ಫಿಲ್ ಎಸ್ಪೊಸಿಟೊ ಗೋಲು ಹೊಡೆದ, ಏಳು ನಿಮಿಷ ತುಂಬುವುದರೊಳಗೆ 2-0. ಪಂದ್ಯ ಮುಗಿದಾಗ 7-3, ಗೆದ್ದದ್ದು ಸೋವಿಯತ್ ತಂಡ.

ಸರಣಿ ಮಾತ್ರ ಕೈತಪ್ಪಿತು. ಮಾಸ್ಕೊದ ಎಂಟನೇ ಪಂದ್ಯದಲ್ಲಿ ಇನ್ನು 34 ಸೆಕೆಂಡ್ ಇರುವಾಗ ಪಾಲ್ ಹೆಂಡರ್ಸನ್ ಗೋಲು. ಮೊದಲ ಹೊಡೆತವನ್ನು ತ್ರೆತ್ಯಾಕ್ ತಡೆದಿದ್ದ, ಪಕ್ ಮತ್ತೆ ಅದೇ ಹೆಂಡರ್ಸನ್ ಕೋಲಿಗೆ ಸಿಕ್ಕಿತು.

ಜೂನ್ 25

1975-76. ಡಿಸೆಂಬರ್ 31ರ ರಾತ್ರಿ ಸಿಎಸ್‌ಕೆಎ ಮತ್ತು ಕೆನಡಾದ ವೃತ್ತಿಪರ ಕ್ಲಬ್ ಮಾಂಟ್ರಿಯಲ್ ಕೆನೇಡಿಯನ್ಸ್, 3-3. ಗೋಲಿನ ಕಡೆಗೆ ಮಾಂಟ್ರಿಯಲ್‌ನವರ ಹೊಡೆತ 38, ಸಿಎಸ್‌ಕೆಎಯದು 13. ಈ ಎರಡು ಅಂಕಿಗಳನ್ನು ಕೆಂಪು ಶಾಯಿಯಲ್ಲಿ ಬರೆದೆ, ಬೇರೆ ವಿವರಣೆ ಹಾಕಲಿಲ್ಲ. ಪದಕ ಪಟ್ಟಿಯಲ್ಲಿ ಜಾಗವೇ ಇಲ್ಲದ ಪಂದ್ಯ, ಆದರೂ ಅವನ ಆಟದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ನಡುವಿನ ಮೂರು ಋತುಗಳು ಸುಲಭವಾಗಿ ತುಂಬಿದವು.

ಜುಲೈ 4

1979-80 ಬರೆಯಲು ಮನಸ್ಸೇ ಬರಲಿಲ್ಲ. ಫೆಬ್ರವರಿ 22, ಲೇಕ್ ಪ್ಲಾಸಿಡ್ ಒಲಿಂಪಿಕ್ಸ್, ಎದುರಿಗೆ ಅಮೆರಿಕದ ಕಾಲೇಜು ಹುಡುಗರು. ಮೊದಲ ಅವಧಿಯ ಕೊನೆಗೆ ದೂರದಿಂದ ಬಂದ ಹೊಡೆತ ತ್ರೆತ್ಯಾಕ್‌ನ ಪ್ಯಾಡಿಗೆ ಬಡಿದು ಮುಂದಕ್ಕೆ ಚಿಮ್ಮಿತು. ಇನ್ನೊಂದೇ ಸೆಕೆಂಡ್ ಇರುವಾಗ ಮಾರ್ಕ್ ಜಾನ್ಸನ್ ಅದನ್ನು ಒಳಕ್ಕೆ ಹಾಕಿದ. 2-2. ಕೋಚ್ ವಿಕ್ತರ್ ತಿಖೊನೊವ್ ಅವನನ್ನು ಹೊರಗೆ ಕೂರಿಸಿ ವ್ಲಾದಿಮಿರ್ ಮಿಶ್ಕಿನ್‌ನನ್ನು ಇಳಿಸಿದ. ಉಳಿದ ನಲವತ್ತು ನಿಮಿಷ ತ್ರೆತ್ಯಾಕ್ ಬೆಂಚಿನ ಮೇಲೆ. ಅಮೆರಿಕ 4-3ರಿಂದ ಗೆದ್ದಿತು. ಅದು ತನ್ನ ದೊಡ್ಡ ತಪ್ಪು ಎಂದು ತಿಖೊನೊವ್ ಮುಂದೆ ಒಪ್ಪಿಕೊಂಡ. ಈ ಹಾಳೆಯ ಎಡ ಅಂಕಣದಲ್ಲಿ ಆ ಸಂಜೆಗೆ ಇಪ್ಪತ್ತೇ ನಿಮಿಷ.

ಹನ್ನೊಂದು ಹಾಳೆ ಮುಗಿದವು.

ಜುಲೈ 12

ಉಳಿದ ನಾಲ್ಕಕ್ಕೆ ಟಿಪ್ಪಣಿ ಸಿದ್ಧವಿದೆ. ಎಡಗಡೆ: 1981ರ ಕೆನಡಾ ಕಪ್ ಫೈನಲ್‌ನಲ್ಲಿ ಆತಿಥೇಯರ ವಿರುದ್ಧ 8-1, ಟೂರ್ನಿಯ ಶ್ರೇಷ್ಠ ಆಟಗಾರ ಇವನೇ. 1984ರ ಸರಾಯೆವೊ ಒಲಿಂಪಿಕ್ಸ್‌ನಲ್ಲಿ ಚೆಕೊಸ್ಲೊವಾಕಿಯದ ವಿರುದ್ಧ 2-0, ಒಂದೂ ಗೋಲು ಬಿಡದೆ ಮೂರನೇ ಚಿನ್ನ. ಬಲಗಡೆ: 1983ರಲ್ಲಿ ಮಾಂಟ್ರಿಯಲ್ ಕೆನೇಡಿಯನ್ಸ್ ಡ್ರಾಫ್ಟ್‌ನಲ್ಲಿ (ಉತ್ತರ ಅಮೆರಿಕದ ಲೀಗ್ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) 138ನೆಯವನಾಗಿ ಇವನನ್ನು ಆರಿಸಿಕೊಂಡಿತು, ಅಧಿಕಾರಿಗಳು ಕಳಿಸಲಿಲ್ಲ. ಆಟಗಾರರು ವರ್ಷದ ಬಹುಪಾಲು ತರಬೇತಿ ಶಿಬಿರದಲ್ಲೇ ಇರಬೇಕಿತ್ತು. ಮನೆಯಲ್ಲಿದ್ದುಕೊಂಡು ಪಂದ್ಯದ ಮುಂಚೆ ಬರುತ್ತೇನೆ ಎಂದು ಕೇಳಿದ್ದಕ್ಕೆ ತಿಖೊನೊವ್ ಒಪ್ಪಲಿಲ್ಲ. ಮೂವತ್ತೆರಡಕ್ಕೇ ಪ್ಯಾಡ್ ಬಿಚ್ಚಿಟ್ಟ. ಗೋಲ್‌ಕೀಪರ್‌ಗೆ ಅದು ವಯಸ್ಸೇ ಅಲ್ಲ, ಇದನ್ನು ಬರೆಯುವಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಹದಿನಾರನೇ ಹಾಳೆಯೊಂದನ್ನು ಸೇರಿಸಬೇಕೆಂದಿದ್ದೇನೆ. 1989ರಲ್ಲಿ ಟೊರೊಂಟೊದ ಹಾಕಿ ಹಾಲ್ ಆಫ್ ಫೇಮ್‌ಗೆ (ಶ್ರೇಷ್ಠ ಆಟಗಾರರ ಗೌರವ ಪಟ್ಟಿ) ಸೇರಿದ ಮೊದಲ ಸೋವಿಯತ್ ಆಟಗಾರ, ಉತ್ತರ ಅಮೆರಿಕದ ಲೀಗ್‌ನಲ್ಲಿ ಒಂದು ಪಂದ್ಯವನ್ನೂ ಆಡದೆ. ಆಮೇಲೆ ಶಿಕಾಗೊ ತಂಡದಲ್ಲಿ ಗೋಲ್‌ಕೀಪರ್‌ಗಳಿಗೆ ಕಲಿಸಲು ಹೋದ. ಅಲ್ಲಿ ಅವನಿಂದ ಕಲಿತ ಎಡ್ ಬೆಲ್‌ಫೋರ್ ಮುಂದೆ ತನ್ನ ಅಂಗಿಗೆ ಗುರುವಿನ 20ನೇ ಸಂಖ್ಯೆಯನ್ನೇ ಹಾಕಿಕೊಂಡ. ಈ ಹಾಳೆಗೆ ಎಡ ಬಲ ಎಂದು ಗೆರೆ ಎಳೆದಿಲ್ಲ.