ಸದನಕ್ಕೆ ಹೋದ ಸಂಜೆ ಬಸ್

ವಿಧಾನಮಂಡಲದ ಅಧಿವೇಶನ ಶುರುವಾಯಿತೆಂದರೆ ನಮ್ಮ ಸರ್ಕಾರಿ ಬಸ್ ಘಟಕದ (ಡಿಪೊದ) ಸಂಚಾರ ಶಾಖೆಯಲ್ಲಿ ಮೊದಲು ತಪ್ಪುವುದು ಮಧ್ಯಾಹ್ನದ ಊಟ. ಎಲ್‌ಎಕ್ಯೂ (ವಿಧಾನಸಭೆಯ ಪ್ರಶ್ನೆ), ಎಲ್‌ಸಿಕ್ಯೂ (ವಿಧಾನ ಪರಿಷತ್ತಿನ ಪ್ರಶ್ನೆ), ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆಯ ಪ್ರಸ್ತಾಪ, ಹೀಗೆ ಯಾವ ಹೆಸರಿನಲ್ಲಿ ಬಂದರೂ ಮೇಲೆ ‘ಅತಿ ಜರೂರು’ ಎಂಬ ಮೊಹರು ಇದ್ದೇ ಇರುತ್ತದೆ. ಸಚಿವಾಲಯದಿಂದ ಕೇಂದ್ರ ಕಚೇರಿಗೆ, ಅಲ್ಲಿಂದ ವಿಭಾಗಕ್ಕೆ, ವಿಭಾಗದಿಂದ ಘಟಕಕ್ಕೆ ಇಳಿಯುವಷ್ಟರಲ್ಲಿ ಉತ್ತರಕ್ಕೆ ಕೊಟ್ಟ ಕಾಲಾವಕಾಶವೆಲ್ಲ ದಾರಿಯಲ್ಲೇ ಖರ್ಚಾಗಿರುತ್ತದೆ. ನಮ್ಮ ಕೈಗೆ ಬರುವಾಗ ಸಂಜೆ. ಮಾಹಿತಿ ಬೇಕಾಗಿರುವುದು ಮರುದಿನ ಬೆಳಿಗ್ಗೆ. ಅದೂ ನುಡಿ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿ. ಯೂನಿಕೋಡ್‌ನಲ್ಲಿ ಕಳುಹಿಸಿದರೆ ವಿಭಾಗದಲ್ಲಿ ಪರಿವರ್ತಿಸುವಾಗ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿಯಾಗಿ ಊರಿನ ಹೆಸರೇ ಬದಲಾಗುತ್ತದೆ. ಇಷ್ಟು ವರ್ಷಗಳಾದರೂ ಇದನ್ನು ಸರಿಪಡಿಸಲು ಯಾರಿಗೂ ಪುರುಸೊತ್ತು ಸಿಕ್ಕಿಲ್ಲ.

ನಾನು ಕೆಲಸ ಮಾಡುವುದು ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದ ಒಂದು ಬಸ್ ಘಟಕದಲ್ಲಿ. ಫಾರ್ಮ್ ನಾಲ್ಕು, ವೇಳಾಪಟ್ಟಿ, ರದ್ದತಿ ವಹಿ, ದೈನಂದಿನ ಕಿಲೋಮೀಟರ್ ವರದಿ, ಇವು ನನ್ನ ಮೇಜಿನ ಮೇಲಿನ ಕೆಲಸ. ಶಕ್ತಿ ಯೋಜನೆ ಜಾರಿಗೆ ಬಂದದ್ದು 2023ರ ಜೂನ್ 11ರಂದು. ಆ ಬಳಿಕದ ಒಂದು ಚಳಿಗಾಲದಲ್ಲಿ, ಬೆಳಗಾವಿಯ ಅಧಿವೇಶನ ನಡೆಯುತ್ತಿದ್ದಾಗ, ಮಲೆನಾಡಿನ ಗ್ರಾಮೀಣ ಸಾರಿಗೆಯ ಬಗ್ಗೆ ಚುಕ್ಕೆ ಗುರುತಿನ ಪ್ರಶ್ನೆಯೊಂದು, ಅಂದರೆ ಸಚಿವರು ಸದನದಲ್ಲೇ ಉತ್ತರಿಸಬೇಕಾದ ಪ್ರಶ್ನೆ, ಬಂತು. (ಅ) ಮಲೆನಾಡು ತಾಲ್ಲೂಕುಗಳಲ್ಲಿ ಗ್ರಾಮೀಣ ಮಾರ್ಗಗಳ ಬಸ್ಸುಗಳು ಕಡಿಮೆಯಾಗಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? (ಆ) ಬಂದಿದ್ದಲ್ಲಿ, ರದ್ದುಪಡಿಸಲಾದ ಅನುಸೂಚಿಗಳೆಷ್ಟು? ತಾಲ್ಲೂಕುವಾರು ಮಾಹಿತಿ ನೀಡುವುದು. (ಇ) ಸರ್ಕಾರ ಕೈಗೊಂಡ ಕ್ರಮಗಳೇನು?

ಇಂಥ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರ ಇದೆ. ಹಿಂದಿನ ವರ್ಷದ ಕಡತ ತೆರೆದರೆ ಸಾಕು: ‘ಸಾರ್ವಜನಿಕರ ಬೇಡಿಕೆ, ವಾಹನ ಮತ್ತು ಸಿಬ್ಬಂದಿ ಲಭ್ಯತೆ ಹಾಗೂ ಸಾರಿಗೆ ಆದಾಯಕ್ಕೆ ಅನುಗುಣವಾಗಿ ಸಾರಿಗೆ ಸೌಲಭ್ಯ ಒದಗಿಸಲಾಗಿದೆ.’ ದಿನಾಂಕ ಬದಲಿಸಿ, ಸಹಿ ಮಾಡಿಸಿ, ಸ್ಕ್ಯಾನ್ ಮಾಡಿ ಕಳುಹಿಸುವುದು. (ಆ) ಭಾಗಕ್ಕೆ ನಮ್ಮ ಘಟಕದಿಂದ ‘ಇಲ್ಲ’ ಎಂದು ಹೋಗಬೇಕಿತ್ತು. ಅದು ಸುಳ್ಳಾಗುತ್ತಿರಲಿಲ್ಲ. ಅನುಸೂಚಿ ಎಂದರೆ ಶೆಡ್ಯೂಲ್, ಒಂದು ಬಸ್ ಘಟಕದಿಂದ ಹೊರಟು ಮರಳುವ ತನಕದ ಎಲ್ಲ ಟ್ರಿಪ್‌ಗಳು ಸೇರಿದ್ದು. ಆ ವರ್ಷ ನಾವು ಒಂದೇ ಒಂದು ಅನುಸೂಚಿಯನ್ನೂ ರದ್ದು ಮಾಡಿರಲಿಲ್ಲ.

ರದ್ದಾಗಿದ್ದು ಟ್ರಿಪ್. ಒಂದು ಶೆಡ್ಯೂಲ್‌ನ ಸಂಜೆಯ ಕೊನೆಯ ಟ್ರಿಪ್ ಊರಿನ ತನಕ ಹೋಗದೆ 6 ಕಿಲೋಮೀಟರ್ ಹಿಂದಿನ ಕ್ರಾಸ್‌ನಲ್ಲೇ ತಿರುಗುತ್ತಿತ್ತು. ಮೊದಲು ಮಳೆಗಾಲದಲ್ಲಿ ಧರೆ ಕುಸಿದು ರಸ್ತೆ ಕೆಟ್ಟಿತೆಂದು ಮೊಟಕು ಮಾಡಿದ್ದು. ರಸ್ತೆ ಸರಿಯಾದ ಮೇಲೆ ಚಾಲಕರ ಕೊರತೆ ಕಾರಣವಾಯಿತು. ಆ 12 ಕಿಲೋಮೀಟರ್ ಹೋಗಿ ಬಂದರೆ ಸ್ಟೀರಿಂಗ್ ಅವರ್ (ಚಾಲಕರು ಬಸ್ ಓಡಿಸುವ ಅವಧಿ) ಮೀರಿ ಓವರ್‌ಟೈಮ್ ಕೊಡಬೇಕಾಗುತ್ತದೆ ಎಂಬ ಲೆಕ್ಕ. ಬಸ್ ಘಟಕದಿಂದ ಹೊರಟಿದೆ, ಘಟಕಕ್ಕೆ ಮರಳಿದೆ, ಶೆಡ್ಯೂಲ್ ಓಡಿದೆ. ನಮೂನೆಯ ಪ್ರಕಾರ ಏನೂ ಆಗಿಲ್ಲ. ಆ ಊರಿನವರ ಪ್ರಕಾರ ಸಂಜೆ ಬಸ್ ನಿಂತುಹೋಗಿದೆ.

ಆ ಟ್ರಿಪ್‌ನಲ್ಲಿ ಬರುತ್ತಿದ್ದವರು ಯಾರೆಂಬುದು ನನಗೆ ಗೊತ್ತಿತ್ತು, ಯಾಕೆಂದರೆ ಅದರ ನಿರ್ವಾಹಕರು ಪ್ರತಿದಿನ ಕ್ಯಾಷ್ ಕಟ್ಟಿದ ಮೇಲೆ ನನ್ನ ಮೇಜಿನ ಹತ್ತಿರ ಬಂದು ಅದನ್ನೇ ಹೇಳುತ್ತಿದ್ದರು. ಪಿಯು ಕಾಲೇಜಿನ ಮಕ್ಕಳು. ಸಂತೆಗೆ ಬಾಳೆಗೊನೆ, ಸೊಪ್ಪು, ಏಲಕ್ಕಿ ತಂದವರು. ಡಿಸೆಂಬರ್ ಆದ್ದರಿಂದ ಕಾಫಿ ಕೊಯ್ಲಿಗೆ ಬೇರೆ ತೋಟಗಳಿಗೆ ಹೋಗಿ ಮರಳುವ ಹೆಂಗಸರು. ಆಸ್ಪತ್ರೆಗೆ ಹೋದವರು. ಕ್ರಾಸ್‌ನಿಂದ ಊರಿಗೆ ಹೋಗುವ ದಾರಿಯ ಎರಡೂ ಬದಿ ತೋಟ. ಮೂಡಿಗೆರೆ, ಸಕಲೇಶಪುರ, ಬೇಲೂರಿನ ಕಡೆಯವರಿಗೆ ಹೇಳಬೇಕಾಗಿಲ್ಲ, ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ನಡೆಯುವುದೆಂದರೆ ಆನೆ ಎದುರಾಗಬಹುದು ಎಂದೇ ಅರ್ಥ. ಹಾಗಾಗಿ ಯಾರೂ ನಡೆಯುತ್ತಿರಲಿಲ್ಲ. ಹತ್ತು ಜನ ಸೇರಿದ ಮೇಲೆ ಹೊರಡುವ ಜೀಪಿಗೆ ಕಾದು, ಜೀಪಿನವರು ಕೇಳಿದಷ್ಟು ಕೊಟ್ಟು ಹೋಗುತ್ತಿದ್ದರು. ‘ಮೇಡಂ, ಕ್ರಾಸ್ ತನಕ ಇವರು ಉಚಿತವಾಗಿ ಬರುತ್ತಾರೆ. ಅಲ್ಲಿಂದ ಮುಂದೆ ಕೂಲಿಯಲ್ಲಿ ಒಂದು ಪಾಲು ಜೀಪಿಗೆ ಹೋಗುತ್ತದೆ. ಬಸ್ ತಿರುಗಿಸುವಾಗ ನನ್ನನ್ನೇ ನೋಡುತ್ತಾರೆ’ ಎಂದು ಆ ನಿರ್ವಾಹಕರು ಹೇಳಿದ ಮಾತು ನನ್ನ ತಲೆಯಲ್ಲಿತ್ತು.

ನಾನು (ಆ) ಭಾಗಕ್ಕೆ ‘ಇಲ್ಲ’ ಎಂದು ಬರೆದು, ಅದರ ಕೆಳಗೆ ‘ಆದರೆ ಈ ಕೆಳಕಂಡ ಅನುಸೂಚಿಗಳ ಟ್ರಿಪ್‌ಗಳನ್ನು ಭಾಗಶಃ ಮೊಟಕುಗೊಳಿಸಲಾಗಿದೆ, ವಿವರ ಅನುಬಂಧದಲ್ಲಿದೆ’ ಎಂದು ಸೇರಿಸಿದೆ. ಅನುಬಂಧದಲ್ಲಿ ಮಾರ್ಗ, ಟ್ರಿಪ್‌ನ ವೇಳೆ, ಎಲ್ಲಿ ತಿರುಗುತ್ತಿದೆ, ಎಷ್ಟು ಕಿಲೋಮೀಟರ್ ಕಡಿಮೆ, ಎಂದಿನಿಂದ, ಕಾರಣ. ರದ್ದತಿ ವಹಿಯ ಕೊನೆಯ ಪುಟಗಳಲ್ಲಿ ಇವನ್ನು ನಾನು ಮೊದಲಿನಿಂದ ಬರೆದಿಡುತ್ತಿದ್ದೆ. ಯಾರೂ ಹೇಳಿರಲಿಲ್ಲ, ವೇಳಾಪಟ್ಟಿ ನೋಡುವವರಿಗೆ ಬೇಕಾಗುತ್ತದೆ ಎಂದು ಇಟ್ಟಿದ್ದೆ.

ಘಟಕ ವ್ಯವಸ್ಥಾಪಕರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಮೇಡಂ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಬೇಕು. ಅನುಸೂಚಿ ಕೇಳಿದ್ದಾರೆ, ಟ್ರಿಪ್ ಕೇಳಿಲ್ಲ. ನೀವು ಬರೆದದ್ದರಿಂದ ನಾಲ್ಕು ಪೂರಕ ಪ್ರಶ್ನೆ ಹುಟ್ಟುತ್ತವೆ.’ ಅವರು ಹೇಳಿದ್ದರಲ್ಲಿ ಹುರುಳಿಲ್ಲದೆ ಇರಲಿಲ್ಲ. ಹೆಚ್ಚಿನ ಮಾಹಿತಿ ಕೊಟ್ಟ ಘಟಕಕ್ಕೇ ಮೊದಲು ನೋಟಿಸ್ ಬರುವುದನ್ನು ಇಬ್ಬರೂ ನೋಡಿದ್ದೆವು. ನಾನು ಕೇಳಿದ್ದು ಇಷ್ಟೇ: ‘ಸರ್, ಮಾನ್ಯ ಸದಸ್ಯರು ಆ ಊರಿನ ದಾರಿಯಲ್ಲಿ ಓಡಾಡುವವರು. ಸದನದಲ್ಲಿ ಎದ್ದು, ಸಂಜೆ ಬಸ್ ಎಲ್ಲಿ ಎಂದು ಕೇಳಿದರೆ ಸಚಿವರ ಕೈಯಲ್ಲಿ ಏನಿರುತ್ತದೆ?’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಕೊನೆಗೆ ಒಂದು ದಾರಿ ಹೇಳಿದರು. ಉತ್ತರದಲ್ಲಿ ‘ಇಲ್ಲ’ ಇರಲಿ, ಅನುಬಂಧವನ್ನು ಪೂರಕ ಟಿಪ್ಪಣಿಯೆಂದು ಪ್ರತ್ಯೇಕವಾಗಿ ಕಳುಹಿಸೋಣ. ಹಾಗೆಯೇ ಆಯಿತು. ವಿಭಾಗದಲ್ಲಿ ಆ ಟಿಪ್ಪಣಿಯನ್ನು ಪಕ್ಕಕ್ಕಿಟ್ಟು ಉತ್ತರವನ್ನು ಮಾತ್ರ ಮುಂದಕ್ಕೆ ಕಳುಹಿಸಿದ್ದರೆಂದು ನಮಗೆ ಆಮೇಲೆ ತಿಳಿಯಿತು.

ಪ್ರಶ್ನೆ ಬಂದ ದಿನ ಶಾಖೆಯ ಕಂಪ್ಯೂಟರ್‌ನಲ್ಲಿ ನೇರಪ್ರಸಾರ ಹಾಕಿಕೊಂಡಿದ್ದೆವು. ಉತ್ತರವನ್ನು ಸದನದ ಮುಂದೆ ಮಂಡಿಸಲಾಗಿದೆ ಎಂದು ಸಚಿವರು ಹೇಳಿ ಕುಳಿತರು. ಸದಸ್ಯರು ಎದ್ದರು. ‘ಮಾನ್ಯ ಸಭಾಧ್ಯಕ್ಷರೇ, ರದ್ದಾಗಿಲ್ಲ ಎಂದು ಉತ್ತರ ಕೊಟ್ಟಿದ್ದಾರೆ. ಹಾಗಾದರೆ ಬಸ್ ಕ್ರಾಸ್‌ನಲ್ಲಿ ಯಾಕೆ ತಿರುಗುತ್ತಿದೆ?’ ಅವರು ಊರಿನ ಹೆಸರನ್ನೂ ಹೇಳಿದರು. ನಮ್ಮ ಟ್ರಿಪ್ ಮೊಟಕಾದ ಅದೇ ಊರು.

ಆ ಕ್ಷಣದಲ್ಲೇ ಫೋನ್ ರಿಂಗಾಯಿತು. ವಿಭಾಗದವರು. ‘ಆ ಮಾರ್ಗದ ಟ್ರಿಪ್ ಮೊಟಕಾಗಿದೆಯೇ? ಎಂದಿನಿಂದ? ಎಷ್ಟು ಕಿಲೋಮೀಟರ್? ಈಗಲೇ ಹೇಳಿ.’ ಅಧಿಕಾರಿಗಳ ಗ್ಯಾಲರಿಯಿಂದ ಸಚಿವರಿಗೆ ಚೀಟಿ ಹೋಗಬೇಕು. ಅಲ್ಲಿ ಕುಳಿತವರು ಕೇಂದ್ರ ಕಚೇರಿಯನ್ನು ಕೇಳಿದ್ದಾರೆ, ಅವರು ವಿಭಾಗವನ್ನು, ವಿಭಾಗ ನಮ್ಮನ್ನು. ಒಂದು ಕಿವಿಯಲ್ಲಿ ಫೋನ್, ಎದುರಿನ ಪರದೆಯಲ್ಲಿ ಮಾತು ಮುಂದುವರಿಸುತ್ತಿರುವ ಸದಸ್ಯರು. ಅವರು ಮಾತು ಮುಗಿಸುವ ಮುನ್ನ ಉತ್ತರ ಬೆಳಗಾವಿ ಮುಟ್ಟಬೇಕು. ವಹಿಯ ಕೊನೆಯ ಪುಟ ತೆರೆದು ಓದತೊಡಗಿದೆ. ಆ ತುದಿಯಲ್ಲಿ ಬರೆದುಕೊಳ್ಳುತ್ತಿದ್ದವರು ‘ನಿಧಾನ, ನಿಧಾನ’ ಎನ್ನುತ್ತಿದ್ದರು. ‘ಇದೆಲ್ಲ ಪೂರಕ ಟಿಪ್ಪಣಿಯಲ್ಲಿ ಕಳುಹಿಸಿದ್ದೇವೆ ಸರ್’ ಎಂದೆ. ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ, ‘ಹೌದು, ಇಲ್ಲಿದೆ’ ಎಂಬ ಮಾತು. ಅದರಲ್ಲಿ ಸಮಾಧಾನವೂ ಇತ್ತು, ಸಂಕೋಚವೂ ಇತ್ತು. ಪರದೆಯಲ್ಲಿ ಇನ್ನೊಬ್ಬ ಸದಸ್ಯರು ತಮ್ಮ ಕ್ಷೇತ್ರದ ಮಾತು ಎತ್ತಿದರು. ಅವರು ಆಡಿದ ಮಾತಿನಷ್ಟು ಹೊತ್ತು ನಮಗೆ ಸಿಕ್ಕಿತು. ಸಚಿವರು ಚೀಟಿ ನೋಡಿ, ಆ ಮಾರ್ಗದ ಸಂಜೆಯ ಟ್ರಿಪ್ ಮೊಟಕಾಗಿರುವುದು ನಿಜ, ಪರಿಶೀಲಿಸಿ ಮರುಆರಂಭಿಸಲು ಸೂಚಿಸುತ್ತೇನೆ ಎಂದರು. ನನ್ನ ಪಕ್ಕದಲ್ಲಿ ನಿಂತಿದ್ದ ಘಟಕ ವ್ಯವಸ್ಥಾಪಕರು ಕುರ್ಚಿ ಎಳೆದುಕೊಂಡು ಕುಳಿತರು.

ಟ್ರಿಪ್ ಮತ್ತೆ ಶುರುವಾಯಿತು, ಆದರೆ ಭಾನುವಾರ ಬಿಟ್ಟು. ಅದಾದ ಸ್ವಲ್ಪ ದಿನಕ್ಕೆ ‘ಇಪಿಕೆಎಂ ಕಡಿಮೆ ಇರುವ ಟ್ರಿಪ್‌ಗಳ ಪಟ್ಟಿ’ ಎಂಬ ಮತ್ತೊಂದು ನಮೂನೆ ಬಂತು. ಇಪಿಕೆಎಂ ಎಂದರೆ ಪ್ರತಿ ಕಿಲೋಮೀಟರ್‌ಗೆ ಬರುವ ಆದಾಯ. ಅದರಲ್ಲಿ ಇದೇ ಟ್ರಿಪ್ ಮೇಲ್ಗಡೆ ಇತ್ತು.

ನನಗೆ ಕೋಪ ಬರುವುದು ಇಲ್ಲಿ. ಪಾಸ್ ಇರುವ ಮಕ್ಕಳು ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಹೀಗಾಗಿ ಹುಡುಗರು ಬಾಗಿಲಿಗೆ ಜೋತುಬಿದ್ದ ಬಸ್ ಇಟಿಎಂ (ಟಿಕೆಟ್ ಯಂತ್ರ) ವರದಿಯಲ್ಲಿ ಅರ್ಧ ಖಾಲಿ ಕಾಣುತ್ತದೆ. ಹೆಂಗಸರ ಶೂನ್ಯ ಟಿಕೆಟ್‌ನ ಮೌಲ್ಯವನ್ನು ಸರ್ಕಾರ ಭರಿಸುವುದರಿಂದ ಅವರ ಪ್ರಯಾಣವಾದರೂ ಈಗ ಲೆಕ್ಕಕ್ಕೆ ಸಿಗುತ್ತದೆ. ಆದರೆ ಸಂತೆಯಲ್ಲಿ ಮಾರಿ ಬಂದ ಹಣ, ತಪ್ಪಿಹೋಗದ ಕೊಯ್ಲಿನ ಕೂಲಿ, ಅರ್ಧಕ್ಕೆ ನಿಲ್ಲದ ಓದು, ಇವಕ್ಕೆ ನಿರ್ವಾಹಕರು ಲೆಕ್ಕ ಬರೆಯುವ ಮಾರ್ಗಪತ್ರದಲ್ಲಿ ಜಾಗವಿಲ್ಲ.

ಗ್ರಾಮೀಣ ಮಾರ್ಗದ ಮಾತು ಬಂದಾಗಲೆಲ್ಲ ಸಭೆಗಳಲ್ಲಿ 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯ 22ನೇ ಸೆಕ್ಷನ್ ಕೇಳಿಬರುತ್ತದೆ: ನಿಗಮವು ವ್ಯವಹಾರ ತತ್ತ್ವಗಳ ಮೇಲೆ ನಡೆಯಬೇಕು. ಸರಿಯೇ. ಅದೇ ಕಾಯ್ದೆಯ 3ನೇ ಸೆಕ್ಷನ್ ನಿಗಮವನ್ನು ಯಾಕೆ ಸ್ಥಾಪಿಸಬೇಕೆಂದು ಹೇಳುತ್ತದೆ: ರಸ್ತೆ ಸಾರಿಗೆಯ ಅಭಿವೃದ್ಧಿಯಿಂದ ಸಾರ್ವಜನಿಕರಿಗೆ, ವ್ಯಾಪಾರಕ್ಕೆ, ಉದ್ಯಮಕ್ಕೆ ಆಗುವ ಅನುಕೂಲ, ಯಾವುದೇ ಪ್ರದೇಶಕ್ಕೆ ಸಾರಿಗೆ ಸೌಲಭ್ಯ ವಿಸ್ತರಿಸುವ ಅಗತ್ಯ. ಇದನ್ನು ಯಾವ ಸಭೆಯಲ್ಲೂ ಯಾರೂ ಓದಿದ್ದನ್ನು ನಾನು ಕೇಳಿಲ್ಲ. ಆ ಟ್ರಿಪ್‌ನ ಬಗ್ಗೆ ವಿವರಣೆ ಬರೆಯುವಾಗ ನಾನು ಈ ಎರಡನ್ನೂ ಸೇರಿಸಿ ಬರೆದೆ.

ಅದೇ ಅಧಿವೇಶನದಲ್ಲಿ ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ, ಕಾಫಿ ಬೆಳೆಗಾರರ ಬಗ್ಗೆ, ಕಾಡಾನೆಗಳ ಬಗ್ಗೆ ಮಾತು ನಡೆಯಿತು. ಪರಿಹಾರ ಬೇಕು, ಪ್ಯಾಕೇಜ್ ಬೇಕು ಎಂದರು. ಬೇಕೇ ಬೇಕು. ಆದರೆ ಸದನದಲ್ಲಿ ಅವು ಕೃಷಿ, ತೋಟಗಾರಿಕೆ, ಅರಣ್ಯ ಇಲಾಖೆಗಳ ವಿಷಯ. ಬಸ್ ಸಾರಿಗೆ ಇಲಾಖೆಯ ವಿಷಯ. ಉತ್ತರಗಳು ಬೇರೆ ಬೇರೆ ಕಡತಗಳಿಂದ ಬರುತ್ತವೆ, ಬೇರೆ ಬೇರೆ ದಿನ ಚರ್ಚೆಗೆ ಬರುತ್ತವೆ. ನಮ್ಮ ಕಡೆಯ ಊರುಗಳಲ್ಲಿ ಇವೆಲ್ಲ ಒಂದೇ ಮನೆಯ ಕಷ್ಟ. ರೋಗ ಬಂದು ಅಡಿಕೆ ಹೋದ ಸಣ್ಣ ಹಿಡುವಳಿದಾರರ ಮನೆಯವರು ಬೇರೆ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ಹೋಗಿ ಬರಲು ಬಸ್ ಬೇಕು. ಬಸ್ ಕ್ರಾಸ್‌ನಲ್ಲಿ ನಿಂತರೆ ಮುಂದಿನ ದಾರಿಯಲ್ಲಿ ಆನೆ ಇದೆ.

ಘಟ್ಟದ ಈ ಭಾಗದಲ್ಲಿ ಸರ್ಕಾರಿ ಬಸ್ ಮೊದಲಿನಿಂದ ಕಡಿಮೆಯೇ. ಕೊಪ್ಪ, ಶೃಂಗೇರಿ ಕಡೆ ಜನರನ್ನು ಹೊತ್ತದ್ದು ಖಾಸಗಿ ಬಸ್ಸುಗಳು ಮತ್ತು 1991ರಲ್ಲಿ ಕಾರ್ಮಿಕರೇ ಸೇರಿ ಕಟ್ಟಿದ ಕೊಪ್ಪದ ಸಹಕಾರ ಸಾರಿಗೆ. ಒಂದು ಕಂಪನಿ ಕೈಬಿಟ್ಟ ಬಸ್ಸುಗಳನ್ನು ಅದರ ನೌಕರರೇ ಓಡಿಸಿ ತೋರಿಸಿದರು, ವಿದ್ಯಾರ್ಥಿಗಳಿಗೆ ರಿಯಾಯಿತಿ ಕೊಟ್ಟರು, ದೂರದ ಹಳ್ಳಿಗಳಿಗೂ ಹೋದರು. ಡೀಸೆಲ್ ದರ, ತೆರಿಗೆ, ಕುಸಿದ ಆದಾಯ ಎಲ್ಲ ಸೇರಿ 2020ರಲ್ಲಿ ಅದು ನಿಂತಿತು. ಆ ಬಸ್ಸುಗಳ ಮಾರ್ಗಗಳಲ್ಲಿ ಎಷ್ಟೋ ಊರುಗಳಿಗೆ ಬೇರೆ ಬಸ್ಸೇ ಇರಲಿಲ್ಲ. ಖಾಸಗಿ ಬಸ್ ಮಾತ್ರ ಇರುವ ಊರಿನ ಹೆಂಗಸರಿಗೆ ಉಚಿತ ಪ್ರಯಾಣದ ಯೋಜನೆ ಸುದ್ದಿಯಲ್ಲಿ ಮಾತ್ರ ಇದೆ. ಇದನ್ನು ಸದನದಲ್ಲಿ ಮಲೆನಾಡಿನ ಸದಸ್ಯರು ಪಕ್ಷ ಮರೆತು ಕೇಳಬೇಕು. ಯಾವ ಗ್ರಾಮ ಪಂಚಾಯಿತಿಗೆ ಯಾವ ಹೊತ್ತಿಗೆ ಬಸ್ ಇದೆ, ಯಾವ ಹೊತ್ತಿಗೆ ಇಲ್ಲ ಎಂದು ಕೇಳಿದರೆ ಉತ್ತರವನ್ನು ‘ಇಲ್ಲ’ ಎಂಬ ಒಂದು ಪದದಲ್ಲಿ ಮುಗಿಸಲು ಯಾರಿಗೂ ಆಗುವುದಿಲ್ಲ.

ಹೊಸದಾಗಿ ಸಂಚಾರ ಶಾಖೆಗೆ ಬರುವವರಿಗೆ ನಾನು ಹೇಳಿಕೊಡುವುದು ಇಷ್ಟು: ಮೊಟಕಾದ ಟ್ರಿಪ್‌ಗೆ ಬೇರೆ ವಹಿ ಇಡಿ, ಕಾರಣವನ್ನು ಆ ದಿನವೇ ಬರೆಯಿರಿ. ರಸ್ತೆ ಸರಿಯಾದ ದಿನಾಂಕವನ್ನೂ ಬರೆಯಿರಿ, ಇಲ್ಲದಿದ್ದರೆ ಜುಲೈ ತಿಂಗಳ ಕಾರಣ ಡಿಸೆಂಬರ್ ತನಕ ಉಳಿಯುತ್ತದೆ. ಪೂರಕ ಟಿಪ್ಪಣಿ ಕಳುಹಿಸಿದರೆ ವಿಭಾಗದಲ್ಲಿ ಯಾರು ಸ್ವೀಕರಿಸಿದರು ಎಂದು ಫೋನ್ ಮಾಡಿ ಕೇಳಿಕೊಳ್ಳಿ. ನಿರ್ವಾಹಕರು ಕ್ಯಾಷ್ ಕಟ್ಟಿ ಮಾತಾಡಲು ನಿಂತರೆ ತಲೆ ಎತ್ತಿ ಕೇಳಿ.

ಪ್ರಶ್ನೆಯ ನಮೂನೆಯಲ್ಲಿ ‘ಮೊಟಕಾದ ಟ್ರಿಪ್‌ಗಳು’ ಎಂಬ ಅಂಕಣ ಸೇರಿಸಬೇಕೆಂದು ನಮ್ಮ ಘಟಕದಿಂದ ವಿಭಾಗಕ್ಕೆ ಪತ್ರ ಹೋಗಿದೆ. ಈ ಸಲ ಅದಕ್ಕೆ ಸಹಿ ಹಾಕುವಾಗ ವ್ಯವಸ್ಥಾಪಕರು ಏನೂ ಕೇಳಲಿಲ್ಲ. ಬೇರೆ ಘಟಕಗಳಲ್ಲಿ ಈ ಕೆಲಸ ನೋಡುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನೀವೂ ಬರೆಯಿರಿ. ಪತ್ರದ ಮಾದರಿ ಬೇಕಾದರೆ ಕಳುಹಿಸಿಕೊಡುತ್ತೇನೆ, ನುಡಿಯಲ್ಲೂ ಇದೆ, ಯೂನಿಕೋಡ್‌ನಲ್ಲೂ ಇದೆ.