ದೇವರು ದೊಡ್ಡವನು ಅಂದರೆ ತಪ್ಪೇ?

ನಾನು ಯೆಹೂದಿ ತತ್ತ್ವಶಾಸ್ತ್ರ ಓದುತ್ತೇನೆ ಅಂತ ಗೊತ್ತಿರುವವರು ಪದೇ ಪದೇ ಕೇಳುವ ಪ್ರಶ್ನೆ ಇದು. ಯೆಹೂದಿಗಳು ದಿನಾ ಪ್ರಾರ್ಥನೆಯಲ್ಲಿ ದೇವರನ್ನು ದೊಡ್ಡವನು, ಬಲಶಾಲಿ, ಭಯಂಕರ ಅನ್ನುತ್ತಾರೆ. ಅವರ ದೊಡ್ಡ ಪಂಡಿತ ಮೈಮೊನಿಡೀಸ್ ಮಾತ್ರ ದೇವರಿಗೆ ಯಾವ ಗುಣವನ್ನೂ ಹಚ್ಚಬೇಡಿ ಅನ್ನುತ್ತಾನೆ. ಯಾರ ಮಾತು ಸರಿ?

ಮೈಮೊನಿಡೀಸ್ ಹುಟ್ಟಿದ್ದು ಸ್ಪೇನಿನ ಕಾರ್ಡೊಬಾದಲ್ಲಿ. 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ. ಹೊಟ್ಟೆಪಾಡಿಗೆ ವೈದ್ಯ. ಅವನ ವಾದ ಇದು: 'ಹುಡುಗ ಜಾಣ' ಅಂದಾಗ ಹುಡುಗ ಬೇರೆ, ಜಾಣತನ ಬೇರೆ, ಅಲ್ವಾ? ದೇವರ ಬಗ್ಗೆಯೂ ಹಾಗೇ ಹೇಳಿದರೆ ಒಂದಿದ್ದದ್ದು ಎರಡಾಯಿತು, ದೇವರು ಒಬ್ಬನೇ ಅನ್ನುವ ಮಾತಿಗೇ ಪೆಟ್ಟು ಬಿತ್ತು. ಹಾಗಾಗಿ ಅವನು ಎರಡೇ ದಾರಿ ಬಿಡುತ್ತಾನೆ: ದೇವರು ಏನಲ್ಲ ಅಂತ ಹೇಳುವುದು, ಇಲ್ಲವೇ ಏನು ಮಾಡುತ್ತಾನೆ ಅಂತ ಹೇಳುವುದು. 'ಬಲಶಾಲಿ' ಅಂದರೆ ಬಲಹೀನನಲ್ಲ, ಅಷ್ಟೇ. 'ಕರುಣಾಮಯಿ' ಅಂದರೆ ದೇವರ ಕರುಳು ಚುರ್ ಅಂದಿತು ಅಂತಲ್ಲ. ಬಸಿರಲ್ಲಿರುವ ಕೂಸಿಗೆ ಬೇಕಾದ್ದೆಲ್ಲ ಒದಗುತ್ತದಲ್ಲ, ಅಂಥ ಕೆಲಸವನ್ನು ನಾವು ಕರುಣೆ ಅಂತ ಕರೆಯುತ್ತೇವೆ.

ಹಾಗಾದರೆ ಪ್ರಾರ್ಥನೆ? ಅವನು ತಾಲ್ಮುದ್‌ನ, ಅಂದರೆ ಹಳೆಯ ಯೆಹೂದಿ ಗುರುಗಳ ಚರ್ಚೆಗಳ ಸಂಗ್ರಹದ, ಒಂದು ಕಥೆ ತೆಗೆಯುತ್ತಾನೆ. ರಬ್ಬಿ (ಧರ್ಮಗುರು) ಹನೀನಾ ಎದುರು ಒಬ್ಬ ಪ್ರಾರ್ಥನೆ ಹೇಳಿಸುತ್ತಿದ್ದ. ದೊಡ್ಡವನು, ಬಲಶಾಲಿ, ಭಯಂಕರ ಅಂದವನು ಅಲ್ಲಿಗೆ ನಿಲ್ಲಿಸಲಿಲ್ಲ, ಪೋಣಿಸುತ್ತಾ ಹೋದ. ಹನೀನಾ ಸುಮ್ನೆ ಕಾದರು. ಮುಗಿದ ಮೇಲೆ, ನಿನ್ನ ಒಡೆಯನ ಹೊಗಳಿಕೆ ಎಲ್ಲಾ ಮುಗಿಯಿತೋ ಅಂತ ಕೇಳಿದರು. ಆ ಮೊದಲ ಮೂರು ಮಾತನ್ನೂ ಪ್ರವಾದಿ ಮೋಶೆ ಹೇಳಿದ್ದಕ್ಕೆ, ಹಿರಿಯರು ಪ್ರಾರ್ಥನೆಗೆ ಸೇರಿಸಿದ್ದಕ್ಕೆ ಹೇಳುತ್ತೇವೆ, ಇಲ್ಲದಿದ್ದರೆ ಬಾಯಿ ಬಿಡುತ್ತಿರಲಿಲ್ಲ ಅಂದರು. ಲಕ್ಷಗಟ್ಟಲೆ ಚಿನ್ನದ ನಾಣ್ಯ ಇರುವ ರಾಜನನ್ನು ಬೆಳ್ಳಿ ಇದೆ ಅಂತ ಹೊಗಳಿದ ಹಾಗಾಯಿತು ಇದು ಅಂತಲೂ ಸೇರಿಸಿದರು!

ಇಲ್ಲಿ ಮೈಮೊನಿಡೀಸನ ಕಣ್ಣು ಬೀಳುವುದು ಬೆಳ್ಳಿಯ ಮೇಲೆ. ನೂರು ಚಿನ್ನದ ನಾಣ್ಯ ಇದೆ ಅಂತ ಹೊಗಳಿದರು ಅಂತ ಕಥೆ ಹೇಳುವುದಿಲ್ಲ. ತಪ್ಪಿದ್ದು ಎಣಿಕೆಯಲ್ಲ, ಲೋಹವೇ ಬೇರೆ. ಅಂದರೆ ನಮ್ಮ ಗುಣ, ದೇವರದ್ದು ಒಂದೇ ಜಾತಿಯವಲ್ಲ, ಹೆಸರು ಮಾತ್ರ ಒಂದೇ. ಈ ಓದು ನನಗೆ ಬಹಳ ಇಷ್ಟ.

ಆದರೆ ಒಪ್ಪಿದ್ದೇನೆಯೇ? ಪೂರ್ತಿ ಇಲ್ಲ. 14ನೇ ಶತಮಾನದಲ್ಲಿ ದಕ್ಷಿಣ ಫ್ರಾನ್ಸಿನ ಯೆಹೂದಿ ಪಂಡಿತ ಗೆರ್ಸೊನಿಡೀಸ್ ಚೆನ್ನಾಗಿ ತಕರಾರು ತೆಗೆದ. ದೇವರ 'ತಿಳಿವು', ನಮ್ಮ 'ತಿಳಿವು' ಇವೆರಡಕ್ಕೂ ಹೆಸರು ಬಿಟ್ಟು ಬೇರೇನೂ ಹೋಲಿಕೆ ಇಲ್ಲದಿದ್ದರೆ, ದೇವರಿಗೆ ಮೈ ಇದೆ ಅಂತಲೂ ಹೇಳಬಹುದಲ್ಲ! ಅಲ್ಲಿ 'ಮೈ' ಅನ್ನುವುದಕ್ಕೂ ಬೇರೆಯೇ ಅರ್ಥ ಅಂದುಬಿಟ್ಟರಾಯಿತು. ಅವನ ಪ್ರಕಾರ ತಿಳಿವು ಮೊದಲು ದೇವರದ್ದು, ನಮ್ಮದು ಅಲ್ಲಿಂದ ಬಂದದ್ದು. ಆ ನಾಣ್ಯಗಳ ಲೆಕ್ಕದಲ್ಲೇ ಹೇಳುವುದಾದರೆ, ನಮ್ಮ ಕೈಯಲ್ಲಿರುವುದೂ ಚಿನ್ನವೇ. ಬೆರಕೆ ಜಾಸ್ತಿ, ಅಷ್ಟೇ.